ಹನ್ನೆರಡು ಅಡಿಗೆ ಎರಡೂಕಾಲು ಅಡಿ: ಒಂದು ಪಡಸಾಲೆ, ಪಾಟಿಕಲ್ಲಿನ ಸೂರು

ಗಂಗಾವತಿ ತಾಲ್ಲೂಕಿನ ಒಂದು ಊರು. ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆ, ಅದರಾಚೆ ಆನೆಗೊಂದಿ ಕಡೆಯ ಗುಂಡುಕಲ್ಲಿನ ಗುಡ್ಡ. ಅಲ್ಲಿ ನನ್ನ ಸೋದರಮಾವನ ಹಳೆಯ ಮಾಳಿಗೆ ಮನೆ, ಅಂದರೆ ಸಪಾಟು ಮಣ್ಣಿನ ಸೂರಿನದು. ಮಾವ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಮಾಸ್ತರು, ನನಗೆ ಮಾತ್ರ ಮಾಮಾ. ನಾನು ಕೊಪ್ಪಳದಲ್ಲಿ ಮನೆ ಕಟ್ಟಿಸುವ ಕೆಲಸ ಮಾಡುತ್ತೇನೆ. ಸಂಬಂಧಿಕರ ಕೆಲಸ ಹಿಡಿಯಬಾರದೆಂದು ಎಷ್ಟು ಸಲ ಆಣೆ ಮಾಡಿದ್ದೇನೋ ಲೆಕ್ಕವಿಲ್ಲ.

“ಅಳಿಯಾ, ಈ ಪತ್ರಾಸ್ ಕಿತ್ತು ಒಗಿಯೂಣು. ಪಾಟಿ ಹೊದಿಸೂಣು,” ಅಂದರು ಒಂದು ಏಪ್ರಿಲ್ ಮಧ್ಯಾಹ್ನ. ಮನೆ ಮುಂದಿನ ಪಡಸಾಲೆಯಲ್ಲಿ ಕೂತಿದ್ದೆವು. ತಲೆಯ ಮೇಲಿನ ತಗಡು ಹಂಚಿನಂತೆ ಕಾದಿತ್ತು.

ನಮ್ಮ ಕಡೆ ಪಾಟಿ ಎಂದರೆ ಮಕ್ಕಳು ಬಳಪದಲ್ಲಿ ಬರೆಯುವ ಸ್ಲೇಟು. ಶಾಲೆಯ ಚೀಲಕ್ಕೂ ಪಾಟಿಚೀಲ ಅಂತಲೇ ಹೆಸರು. ಜೀವನಪೂರ್ತಿ ಪಾಟಿ ತಿದ್ದಿದ ಮನುಷ್ಯ ಹಿಂದಿನ ವರ್ಷ ಉತ್ತರದ ಯಾತ್ರೆಗೆ ಹೋಗಿ, ಹಿಮಾಚಲದ ಧರ್ಮಶಾಲೆಯಲ್ಲಿ ಮನೆಗಳಿಗೇ ಪಾಟಿ ಹೊದಿಸಿದ್ದನ್ನು ಕಂಡು ಬಂದಿದ್ದರು. ಮೊಬೈಲಿನಲ್ಲಿ ನಲವತ್ತು ಫೋಟೊ. ಬೂದು ಬಣ್ಣದ ಕಲ್ಲು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು.

“ಅಲ್ಲಿ ಮಳಿ ಅಂದ್ರ ಮಳಿ. ಆದ್ರೂ ಒಂದ್ ಹನಿ ಸೋರಂಗಿಲ್ಲಂತ. ನಮ್ಮಲ್ಲಿ ಮಳಿನ ಇಲ್ಲ. ನಮಗ ಹೆದರಿಕಿ ಯಾತರದು?”

ಮೇಲ್ನೋಟಕ್ಕೆ ವಾದ ಸರಿ. ಕೊಪ್ಪಳ ಜಿಲ್ಲೆಗೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ. ಧರ್ಮಶಾಲೆಯೋ ದೇಶದಲ್ಲೇ ಹೆಚ್ಚು ಮಳೆ ಕಾಣುವ ಊರುಗಳಲ್ಲಿ ಒಂದು. ಆದರೆ ಮಾಮಾ ತೋರಿಸಿದ ಫೋಟೊಗಳಲ್ಲಿ ನಾನು ಕಲ್ಲು ನೋಡಲಿಲ್ಲ, ಸೂರು ಎಷ್ಟು ಕಡಿದಾಗಿದೆ ಎಂಬುದನ್ನು ನೋಡಿದೆ. ಆಮೇಲೆ ನಮ್ಮ ತಲೆಯ ಮೇಲಿನ ತಗಡು ನೋಡಿದೆ. ಅದು ಮಲಗಿಕೊಂಡೇ ಇತ್ತು.

ಅಳತೆ

ಮರುದಿನ ಟ್ಯೂಬ್ ಲೆವೆಲ್, ತೂಗುಗುಂಡು, ಟೇಪು ತಗೊಂಡು ಹೋದೆ. ಪಡಸಾಲೆ 30 ಅಡಿ ಅಗಲ, ಗೋಡೆಯಿಂದ ಮುಂದಿನ ಕಂಬದ ಸಾಲಿನವರೆಗೆ 12 ಅಡಿ. ಗೋಡೆ ಹತ್ತಿರ ತಗಡಿನ ಮೇಲ್ತುದಿ 9 ಅಡಿ 3 ಇಂಚು ಎತ್ತರದಲ್ಲಿ, ಮುಂದಿನ ತೊಲೆ 7 ಅಡಿಯಲ್ಲಿ. ಅಂದರೆ 12 ಅಡಿ ದೂರಕ್ಕೆ ಎರಡೂಕಾಲು ಅಡಿ ಇಳಿತ. ಡಿಗ್ರಿಯಲ್ಲಿ ಹೇಳಿದರೆ ಹತ್ತೂವರೆ ಚಿಲ್ಲರೆ.

ಸ್ಲೇಟಿಗೆ ಇದು ಸಾಲದು. ಅಮೆರಿಕದಲ್ಲಿ ಸ್ಲೇಟ್ ಹೊದಿಸುವವರ ರೂಢಿ 12ಕ್ಕೆ ಕನಿಷ್ಠ 4, ಅಂದರೆ ಸುಮಾರು 18.4 ಡಿಗ್ರಿ. ಬ್ರಿಟನ್ನಿನವರ ಕೋಷ್ಟಕಗಳು ಸಾಮಾನ್ಯವಾಗಿ 20 ಡಿಗ್ರಿಯಿಂದ ಮೇಲಕ್ಕೇ ಶುರುವಾಗುತ್ತವೆ. ನಮ್ಮ ಪಡಸಾಲೆಗೆ 20 ಡಿಗ್ರಿ ಬೇಕೆಂದರೆ 4 ಅಡಿ 4 ಇಂಚು ಇಳಿತ ಬೇಕು. ಇರುವುದಕ್ಕಿಂತ ಎರಡು ಅಡಿಗೂ ಹೆಚ್ಚು. ಮುಂದಿನ ತೊಲೆಯನ್ನು ಎರಡು ಅಡಿ ಇಳಿಸಿದರೆ ಮಾಮಾ ಬಗ್ಗಿ ಒಳಗೆ ಬರಬೇಕು. ಗೋಡೆಯ ಕಡೆ ಎತ್ತರಿಸೋಣವೆಂದರೆ ಅಲ್ಲಿ ಮಾಳಿಗೆಯ ಸೂರಿನ ಚಪ್ಪಡಿಗಳು ಒಂದೂವರೆ ಅಡಿ ಹೊರಚಾಚಿವೆ, ಅವುಗಳ ಮೇಲೆ ಮಳೆನೀರು ಹೊರಬೀಳುವ ಹರನಾಳಿಗೆ, ಅದರ ಮೇಲೆ ಕುಂಬಿ. ಮೇಲೆ ಜಾಗವಿಲ್ಲ, ಕೆಳಗೆ ಜಾಗವಿಲ್ಲ.

ಹರನಾಳಿಗೆ ಕಂಡಾಗಲೇ ನನಗೆ ಇನ್ನೊಂದು ಹೊಳೆದದ್ದು. ಮಾಳಿಗೆಯ ನೀರೆಲ್ಲ ಮೂರು ಹರನಾಳಿಗೆಗಳಿಂದ ಇದೇ ತಗಡಿನ ಮೇಲೆ ಧುಮುಕುತ್ತಿತ್ತು. ಮಾಳಿಗೆ 30 ಅಡಿಗೆ 25 ಅಡಿ, 750 ಚದರ ಅಡಿ. ಒಂದು ತಾಸಿನಲ್ಲಿ 50 ಮಿ.ಮೀ. ಮಳೆ ಹೊಡೆಯಿತು ಎಂದುಕೊಳ್ಳಿ, ಆಗ ಅಷ್ಟೂ ಸೇರಿ ಸುಮಾರು 3,500 ಲೀಟರ್. ಒಂದೊಂದು ಹರನಾಳಿಗೆಯಿಂದ ನಿಮಿಷಕ್ಕೆ 19 ಲೀಟರಿನಷ್ಟು, ಒಂದು ದೊಡ್ಡ ಕೊಡ. ತಗಡಿಗೆ ಅದು ಸದ್ದು ಮಾತ್ರ. ಕಲ್ಲಿನ ಹೊದಿಕೆಗೆ ಅದು ಬೇರೆಯೇ ಮಾತು.

ವರ್ಷದ ಮಳೆ ಎಷ್ಟು ಎಂಬುದು ಸೂರಿಗೆ ಬೇಕಿಲ್ಲ. ಒಂದು ಹತ್ತು ನಿಮಿಷದಲ್ಲಿ ಎಷ್ಟು, ಗಾಳಿ ಯಾವ ಕಡೆಯಿಂದ, ಇಷ್ಟೇ ಅದರ ಲೆಕ್ಕ. ಈ ಮನೆಗೆ ಮೂಡಣ ಬಾಗಿಲು. ನಮ್ಮಲ್ಲಿ ಮನೆ ಬೀಳಿಸುವ ಮಳೆ ಹಿಂಗಾರಿಯಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದ ಬೆನ್ನು ಹತ್ತಿ ಮೂಡಣದಿಂದಲೇ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರವನ್ನು ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಯಾರೂ ಮರೆತಿಲ್ಲ.

ತಡೆಯುವ ಸೂರು, ಜಾರಿಸುವ ಸೂರು

“ಮಾಳಿಗಿ ಸಪಾಟ ಐತಲ್ಲೋ. ಅದಕ್ಕ ಯಾವ ಡಿಗ್ರಿ?” ಎಂದರು ಮಾಮಾ. ಶಾಲೆಯಲ್ಲಿ ಮೂಲೆಗೆ ಕೂತ ಹುಡುಗನನ್ನು ಎಬ್ಬಿಸಿ ಕೇಳುವ ದನಿಯಲ್ಲೇ.

ಇದು ನಮ್ಮ ಸೀಮೆಯವರೆಲ್ಲ ಕೇಳುವ ಪ್ರಶ್ನೆ, ಕೇಳಬೇಕಾದದ್ದೇ. ನಾವು ಇಳಿಜಾರಿಲ್ಲದ ಸೂರಿನ ಕೆಳಗೆ ಹುಟ್ಟಿ ಬೆಳೆದವರು. ಮಾಳಿಗೆಯ ಮೇಲಿನ ಸವುಳು ಮಣ್ಣು ಮೊದಲ ಮಳೆಗೆ ನೆನೆದು ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೇಲಿನ ಪದರ ಕೆಸರಾದರೂ ಕೆಳಗಿನದು ನೀರು ಬಿಡುವುದಿಲ್ಲ. ಶಹಾಬಾದ್ ಫರಸಿ ಹಾಸಿದರೂ ಅಷ್ಟೇ, ಸಂದಿಗೆ ಗಾರೆ ತುಂಬಿ ಒಂದೇ ಹಲಗೆ ಮಾಡಿಬಿಡುತ್ತೇವೆ. ಇವೆಲ್ಲ ನೀರನ್ನು ತಡೆಯುವ ಸೂರು.

ಸ್ಲೇಟಿನ ಸೂರಿನಲ್ಲಿ ಸಂದಿಗೆ ಏನನ್ನೂ ತುಂಬುವುದಿಲ್ಲ. ಅದರ ಮೈಯೆಲ್ಲ ಸಂದಿ. ಎರಡು ಕಲ್ಲು ಅಕ್ಕಪಕ್ಕ ಕೂತರೆ ನಡುವೆ ಒಂದು ಗೆರೆ ತೆರೆದೇ ಇರುತ್ತದೆ, ಅದರಲ್ಲಿ ನೀರು ಇಳಿದೇ ಇಳಿಯುತ್ತದೆ. ಇಳಿದ ನೀರು ಕೆಳಗಿನ ಕಲ್ಲಿನ ನಟ್ಟನಡುವೆ ಬಿದ್ದು, ಅದರ ಅಂಚು ಮುಟ್ಟುವ ಮೊದಲೇ ಜಾರಿ ಹೊರಗೆ ಹೋಗಬೇಕು. ಆಟವೆಲ್ಲ ಇಷ್ಟೇ. ಇಳಿಜಾರು ಕಡಿದಾಗಿದ್ದರೆ ನೀರು ನೆಟ್ಟಗೆ ಓಡುತ್ತದೆ. ಇಳಿಜಾರು ತಗ್ಗಿದಷ್ಟೂ ನೀರಿಗೆ ಅವಸರ ಕಡಿಮೆ. ಬೀಸಣಿಗೆಯ ಹಾಗೆ ಅಗಲಕ್ಕೆ ಹರಡುತ್ತದೆ, ಎರಡು ಕಲ್ಲಿನ ನಡುವಿನ ಬಿಗಿಯಲ್ಲಿ ಮೇಲಕ್ಕೂ ಹತ್ತುತ್ತದೆ. ಹಿಂದೆ ಗಾಳಿ ಒತ್ತಿದರಂತೂ ಕೇಳಬೇಡಿ.

ಬಾಯಿಮಾತಿಗೆ ಮಾಮಾ ಒಪ್ಪುವವರಲ್ಲ. ಹಿತ್ತಲಿನಲ್ಲಿ ಒಂದು ಪರೀಕ್ಷೆ ಮಾಡಿದೆವು.

ಐದು ಅಡಿ ಉದ್ದದ ಹಲಗೆಯ ಮೇಲೆ ದಿನಪತ್ರಿಕೆ ಹಾಸಿ, ಅದರ ಮೇಲೆ ಮಾದರಿಗೆ ತಂದಿದ್ದ 600ಕ್ಕೆ 300 ಮಿ.ಮೀ.ನ ಕಲ್ಲುಗಳನ್ನು ಮೂರು ಸಾಲಾಗಿ ಜೋಡಿಸಿದೆ. ಮೇಲಿನ ಸಾಲು ತನ್ನ ಕೆಳಗಿನದನ್ನು ಬಿಟ್ಟು ಅದಕ್ಕೂ ಕೆಳಗಿನ ಸಾಲಿನ ತಲೆಯನ್ನು 120 ಮಿ.ಮೀ. ಮುಚ್ಚುವ ಹಾಗೆ. ಹೀಗೆ ಮುಚ್ಚುವ ಭಾಗವೇ ಮಡಿಕೆ. ಹಲಗೆಯ ತಲೆಗೆ ಇಟ್ಟಿಗೆ ಕೊಟ್ಟು ಹತ್ತೂವರೆ ಡಿಗ್ರಿಗೆ ನಿಲ್ಲಿಸಿದೆ. ಭತ್ತಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪನ್ನು ಚೆನ್ನಾಗಿ ತೊಳೆದು ನೀರು ತುಂಬಿಸಿದೆ. ಗುರುತು ಕಾಣಲೆಂದು ಬಿಳಿ ಬಟ್ಟೆಗೆ ಹಾಕುವ ನೀಲಿ ಕಲೆಸಿದೆ. ಎದುರಿಗೆ ಅತ್ತಿಯ, ಅಂದರೆ ಮಾಮಾನ ಹೆಂಡತಿಯ ಕೂಲರ್, ಪೂರ್ತಿ ಜೋರಿನಲ್ಲಿ. ಹತ್ತು ನಿಮಿಷ ಹೊಡೆದು, ಕಲ್ಲುಗಳನ್ನು ಒಂದೊಂದಾಗಿ ಎತ್ತಿದೆವು.

ಸಂದಿಯ ಕೆಳಗಿನ ಕಲ್ಲಿನ ಮೇಲೆ ನೀಲಿ ಬೀಸಣಿಗೆ ಮೂಡಿತ್ತು. ಎಡಕ್ಕೆ ಅದು ಕಲ್ಲಿನ ಅಂಚನ್ನೇ ಮುಟ್ಟಿತ್ತು. ಮೇಲಿನ ಮಡಿಕೆಯಲ್ಲಿ ನೀರು 120 ಮಿ.ಮೀ. ದಾಟಿ ಮೊಳೆಯ ತೂತಿನ ತನಕ ಹತ್ತಿತ್ತು. ಪತ್ರಿಕೆಯಲ್ಲಿ ಅಂಗೈಯಷ್ಟು ಎರಡು ನೀಲಿ ಕಲೆ. ಮತ್ತೆ ಒಣ ಪತ್ರಿಕೆ ಹಾಸಿ, ಇಟ್ಟಿಗೆ ಏರಿಸಿ 20 ಡಿಗ್ರಿಗೆ ತಂದು ಅದೇ ಹತ್ತು ನಿಮಿಷ ಹೊಡೆದೆವು. ಬೀಸಣಿಗೆ ಮಡಚಿಕೊಂಡಿತ್ತು, ಮಡಿಕೆಯೊಳಗಿನ ತೇವ ಅರ್ಧಕ್ಕೇ ನಿಂತಿತ್ತು, ಪತ್ರಿಕೆ ಒಣಗಿತ್ತು. ಪ್ರಯೋಗಶಾಲೆಯ ಮಟ್ಟದ ಕೆಲಸ ಇದಲ್ಲ, ಕೂಲರ್ ಗಾಳಿ ಬಿರುಗಾಳಿಯೂ ಅಲ್ಲ. ಆದರೆ ಮಾಮಾ ಕನ್ನಡಕ ಏರಿಸಿ ಆ ಎರಡು ಪತ್ರಿಕೆಗಳನ್ನು ಉತ್ತರಪತ್ರಿಕೆಯ ಹಾಗೆ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಡಿಗ್ರಿಯ ಬಗ್ಗೆ ತಕರಾರು ತೆಗೆಯಲಿಲ್ಲ.

ಬಿಟ್ಟ ದಾರಿಗಳು

ಮಡಿಕೆ ಹೆಚ್ಚಿಸಿದರೆ ಆಗದೇ ಎಂಬುದು ಮೇಸ್ತ್ರಿಯ ಮಾತು. ಇಳಿಜಾರು ತಗ್ಗಿದಷ್ಟು ಮಡಿಕೆ ಹೆಚ್ಚಿಸುವುದು ಇರುವ ರೂಢಿಯೇ. ಅಮೆರಿಕದ ಲೆಕ್ಕದಲ್ಲಿ 12ಕ್ಕೆ 20ಕ್ಕಿಂತ ಕಡಿದಾಗಿದ್ದರೆ 2 ಇಂಚು ಸಾಕು, 8ರಿಂದ 20ರವರೆಗೆ 3 ಇಂಚು, 4ರಿಂದ 8ಕ್ಕೆ 4 ಇಂಚು. ಅದರ ಕೆಳಗೆ ಈ ಉಪಾಯ ನಿಲ್ಲುತ್ತದೆ. ಮಡಿಕೆ ಹೆಚ್ಚಾದಷ್ಟೂ ಸಾಲುಗಳು ಒತ್ತಾಗುತ್ತವೆ, ಕಲ್ಲು ಹೆಚ್ಚು, ಭಾರ ಹೆಚ್ಚು. ಇನ್ನೊಂದು ಸೂಕ್ಷ್ಮ, ಹೊಸಬರಿಗೆ ಹೊಳೆಯುವುದೇ ಇಲ್ಲ: ಕಲ್ಲಿನ ಮೇಲೆ ಕಲ್ಲು ಕೂತದ್ದರಿಂದ ಅದರ ಇಳಿಜಾರು ಕೆಳಗಿನ ಜಂತಿಯ ಇಳಿಜಾರಿಗಿಂತ ಯಾವಾಗಲೂ ಕಡಿಮೆ. 7 ಮಿ.ಮೀ. ದಪ್ಪದ, 600 ಮಿ.ಮೀ. ಉದ್ದದ ಕಲ್ಲಿಗೆ ಒಂದೂಕಾಲು ಡಿಗ್ರಿ ಕಡಿಮೆ. ದಪ್ಪ 12 ಮಿ.ಮೀ. ಆದರೆ ಎರಡು ಡಿಗ್ರಿಗೂ ಮೇಲೆ. ಕಡಿದಾದ ಸೂರಿನಲ್ಲಿ ಇದಕ್ಕೆ ಲೆಕ್ಕವಿಲ್ಲ, ಹತ್ತು ಡಿಗ್ರಿಯವನಿಗೆ ಎರಡು ಡಿಗ್ರಿ ಹೋದರೆ ಐದನೇ ಒಂದು ಪಾಲೇ ಹೋಯಿತು.

ಇನ್ನೊಂದು ದಾರಿ, ಕೆಳಗೆ ತಗಡನ್ನೋ ಡಾಂಬರಿನ ಹಾಳೆಯನ್ನೋ ಪೂರ್ತಿ ಹಾಸಿ, ಅದರ ಮೇಲೆ ಉದ್ದುದ್ದ ಪಟ್ಟಿ ಹೊಡೆದು ನೀರು ಹರಿಯಲು ಸಂದು ಬಿಟ್ಟು, ಆಮೇಲೆ ಅಡ್ಡ ರೀಪು, ಅದಕ್ಕೆ ಸ್ಲೇಟು. ತಗ್ಗಿನ ಇಳಿಜಾರಿಗೆ ಹೀಗೆ ಮಾಡುವವರಿದ್ದಾರೆ, ತಪ್ಪೇನಿಲ್ಲ. ಆದರೆ ಆಗ ನಿಜವಾದ ಸೂರು ಕೆಳಗಿನ ಹಾಳೆ. ಮೇಲಿನ ಕಲ್ಲು ಅದಕ್ಕೆ ಹೊದಿಸಿದ ಶಾಲು. ಹಾಳೆ ಹತ್ತಿಪ್ಪತ್ತು ವರ್ಷಕ್ಕೆ ಹಾಳಾದರೆ ನೂರು ವರ್ಷ ಬಾಳುವ ಕಲ್ಲನ್ನೆಲ್ಲ ಕಿತ್ತು ಕೆಳಗಿಡಬೇಕು. ಮಾಮಾನಿಗೆ ಹೇಳಿದೆ. “ಹಂಗಾರ ಪತ್ರಾಸಿಗೆ ಪಾಟಿ ಬಣ್ಣ ಹಚ್ಚೂದ ಸೋವಿ ಆತಲ್ಲ,” ಅಂದರು. ಆ ದಾರಿ ಅಲ್ಲಿಗೇ ಮುಗಿಯಿತು.

ಭಾರದ ಮಾತೂ ಇತ್ತು. ಸ್ಲೇಟಿನ ಸಾಂದ್ರತೆ ನೀರಿನ 2.7 ಪಟ್ಟಿಗೂ ಮೇಲೆ. ಮಡಿಕೆಗಳೆಲ್ಲ ಸೇರಿ ಸರಾಸರಿ ಎರಡೂವರೆ ಪದರ ಬರುತ್ತದೆ, ಚದರ ಮೀಟರಿಗೆ 48 ಕೆ.ಜಿ. ಹತ್ತಿರ. ಪೂರ್ತಿ ಪಡಸಾಲೆಗೆ ಹೊದಿಸಿದ್ದರೆ ಹದಿನಾರು ಹದಿನೇಳು ಕ್ವಿಂಟಲ್. ನಮ್ಮ ಕಡೆಯ 75 ಕೆ.ಜಿ. ಚೀಲದ ಲೆಕ್ಕದಲ್ಲಿ 22 ಚೀಲ ಭತ್ತ ಸದಾ ತಲೆಯ ಮೇಲೆ. ತಗಡು ಹೊತ್ತಿದ್ದ ಆ ಬಡಪಾಯಿ ಪೈಪುಗಳಿಗೆ ಅದು ಆಗುವ ಮಾತಲ್ಲ.

ಸ್ಲೇಟೇ ಬೇಡ ಎನ್ನುವ ದಾರಿಯೂ ಇತ್ತು. ನಾನಾಗಿದ್ದರೆ ಬಹುಶಃ ಅದನ್ನೇ ಹಿಡಿಯುತ್ತಿದ್ದೆ.

ಆರು ಅಡಿ

ದಾರಿ ಸಿಕ್ಕಿದ್ದು ಲೆಕ್ಕವನ್ನು ತಿರುವಿ ಹಾಕಿದಾಗ. 12 ಅಡಿಗೆ ಎಷ್ಟು ಇಳಿತ ಬೇಕು ಎಂದು ಕೇಳುವ ಬದಲು, ಇರುವ ಎರಡೂಕಾಲು ಅಡಿ ಇಳಿತಕ್ಕೆ 20 ಡಿಗ್ರಿಯಲ್ಲಿ ಎಷ್ಟು ದೂರ ಹೋಗಬಹುದು ಎಂದು ಕೇಳಿದೆ. ಉತ್ತರ 6 ಅಡಿ 2 ಇಂಚು. ಪಡಸಾಲೆಯ ಸರಿ ಅರ್ಧ.

ಹಾಗಾಗಿ ಗೋಡೆಯ ಕಡೆಯ ಆರು ಅಡಿಗೆ ಸಪಾಟಾದ ಕಾಂಕ್ರೀಟ್ ಚಾವಣಿ, ಮುಂದಿನ ಆರು ಅಡಿಗೆ 20.6 ಡಿಗ್ರಿ ಇಳಿಜಾರಿನಲ್ಲಿ ಸ್ಲೇಟು. ಸಪಾಟು ಭಾಗಕ್ಕೆ ಗೋಡೆಗೆ ಭಾರ ಹಾಕದಂತೆ ಅದರದ್ದೇ ಕಂಬ; ಹಳೆಯ ಕಲ್ಲುಮಣ್ಣಿನ ಗೋಡೆಯನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಮಾಳಿಗೆಯ ಹೊರಚಾಚಿದ ಚಪ್ಪಡಿಗಳು ಗೋಡೆ ಮತ್ತು ಹೊಸ ಚಾವಣಿಯ ನಡುವಿನ ಸಂದಿಗೆ ಕೊಡೆಯಾದವು. ಮೂರೂ ಹರನಾಳಿಗೆಯ ನೀರು ಸಪಾಟಿನ ಮೇಲೆ ಬಿದ್ದು, ನಡುವಿನಿಂದ ಎರಡೂ ತುದಿಗೆ ಕೊಟ್ಟ ಎರಡು ಇಂಚಿನ ಇಳಿತದಲ್ಲಿ ಸರಿದು, ಮೂಲೆಯ ಪೈಪಿನಲ್ಲಿ ಇಳಿದು ಹೋಗುತ್ತದೆ. ಸಪಾಟಿನ ಮುಂದಿನ ಅಂಚಿಗೆ ನಾಲ್ಕು ಇಂಚಿನ ಕಟ್ಟೆ. ಸ್ಲೇಟಿಗೆ ಇನ್ನು ತನ್ನ ಮೈಮೇಲೆ ಬಿದ್ದ ಮಳೆಯಷ್ಟೇ ಪಾಲು.

“ಅರ್ಧ ಪಾಟಿ, ಅರ್ಧ ಸಿಮೆಂಟು. ಎತ್ತು ಏರಿಗೆ, ಕ್ವಾಣ ನೀರಿಗೆ,” ಎಂದು ಮಾಮಾ ಮುಖ ಸಿಂಡರಿಸಿದರು. ಎರಡು ಬಿದಿರುಗಣೆ ನೆಟ್ಟು ದಾರ ಎಳೆದು, ಅವರನ್ನು ರಸ್ತೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಅಲ್ಲಿಂದ ಕಾಣುವುದು ದಾರದ ಈಚೆಗಿನ ಇಳಿಜಾರು ಮಾತ್ರ. ಕಾಂಕ್ರೀಟು ಕಾಣುವುದು ಕಾಗೆಗೆ.

ಕಲ್ಲು ಹುಡುಕಿದ್ದು

ಸ್ಲೇಟೆಂದರೆ ಜೇಡಿಮಣ್ಣಿನ ಶಿಲೆ ಭೂಮಿಯ ಒತ್ತಡಕ್ಕೆ ಸಿಕ್ಕಿ ಹಾಳೆಹಾಳೆಯಾಗಿ ಸೀಳುವಂತೆ ಬದಲಾದದ್ದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಗ್ರಾನೈಟು ಬೇಕಾದಷ್ಟು. ಸೂರಿಗೆ ಬರುವ ಸ್ಲೇಟಿಗೆ ಹೊರಗೇ ಹೋಗಬೇಕು. ಅಂಗಡಿಯಲ್ಲಿ ಕೇಳಿದರೆ ಮಾತ್ರ ಎಲ್ಲವೂ ಸ್ಲೇಟೇ. ಹೊಸಪೇಟೆ ರಸ್ತೆಯ ಒಂದು ಕಲ್ಲಿನಂಗಡಿಯಲ್ಲಿ ಕಪ್ಪಗೆ ನುಣುಪಾದ ಹಲಗೆ ತೋರಿಸಿ “ಅಸಲಿ ಸ್ಲೇಟ್ ಸರ” ಅಂದರು. ಮೊಳೆಯಿಂದ ಒಂದು ಗೀರು ಎಳೆದು, ಸಂಡಾಸು ತೊಳೆಯುವ ಆ್ಯಸಿಡ್ಡಿನ ಒಂದು ತೊಟ್ಟು ಬಿಟ್ಟೆ. ಬುರುಬುರು ನೊರೆ ಎದ್ದಿತು. ಅದು ಕಡಪ ಕಲ್ಲು, ಸುಣ್ಣದ ಶಿಲೆ. ಅಡುಗೆಕಟ್ಟೆಗೆ ಬಲು ಚೆಂದ, ತೆಳ್ಳಗೆ ಸೀಳಿ ಸೂರಿಗೆ ಹೊದಿಸಲು ಅಲ್ಲ. ಅಂಗಡಿಯವರು ನೊರೆ ನೋಡಿ ನಕ್ಕು ಚಹಾ ತರಿಸಿದರು.

ಕೊನೆಗೆ ಕಲ್ಲು ಬಂದದ್ದು ಆಂಧ್ರದ ನಲ್ಲಮಲೆ ಪಕ್ಕದ ಮಾರ್ಕಾಪುರದಿಂದ. ಬರೆಯುವ ಪಾಟಿಗೆ ಹೆಸರಾದ ಊರೇ ಅದು. ಹುಬ್ಬಳ್ಳಿಯಿಂದ ಹೊರಟು ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್, ನಂದ್ಯಾಲದ ಮೇಲೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಅಲ್ಲೇ ಮಾರ್ಕಾಪುರ ರೋಡಿನಲ್ಲಿ ನಿಲ್ಲುತ್ತದೆ. ಮಾಮಾನ ಶಾಲೆಯ ಪಾಟಿಗಳೂ ಅಲ್ಲಿಂದಲೇ ಬಂದಿದ್ದಿರಬಹುದು ಎಂದು ಹೇಳಿದ್ದೇ ತಡ, ಧರ್ಮಶಾಲೆ ಕಡೆಯ ಕಾಂಗಡಾ ಕಲ್ಲಿನ ಹಟ ಬಿಟ್ಟರು. ಎರಡು ಸಾವಿರ ಕಿಲೋಮೀಟರ್ ಲಾರಿ ಬಾಡಿಗೆ ಉಳಿಯಿತು.

ಆದರೆ ಈಗ ಅಲ್ಲಿ ಹೆಚ್ಚು ಸಿಗುವುದು ಗೋಡೆಗೆ ಅಂಟಿಸುವ, ನೆಲಕ್ಕೆ ಹಾಸುವ ಸ್ಲೇಟು. ಅಳತೆ ಅದೇ 600ಕ್ಕೆ 300, ದಪ್ಪ ಒಂದಕ್ಕೊಂದು ತಾಳೆಯಿಲ್ಲ. ತುಕ್ಕಿನ ಬಣ್ಣ, ನವಿಲಿನ ಬಣ್ಣ ಎಂದು ಮಾರುವ ಅಂದದ ಕಲ್ಲುಗಳಲ್ಲಿ ಆ ಬಣ್ಣ ಕೊಡುವುದೇ ಕಬ್ಬಿಣದಂಶ. ಗೋಡೆಗೆ ಅದು ಅಲಂಕಾರ, ಸೂರಿಗೆ ಸಂಶಯದ ಗಿರಾಕಿ. ಇನ್ನೊಂದು ತೊಡಕು ಕಲ್ಲಿನ ಎಳೆಯದು. ಮರಕ್ಕಿದ್ದ ಹಾಗೆ ಸ್ಲೇಟಿಗೂ ಎಳೆಯಿದೆ, ಸೂರಿನ ಕಲ್ಲಿನಲ್ಲಿ ಅದು ಉದ್ದುದ್ದಕ್ಕೆ ಓಡಬೇಕು. ಆಗ ಒಡೆದರೂ ಉದ್ದಕ್ಕೆ ಸೀಳಿ, ಎರಡೂ ತುಂಡು ಮೊಳೆಗೆ ಜೋತುಕೊಂಡಿರುತ್ತವೆ. ಅಡ್ಡ ಎಳೆಯಾದರೆ ಕೆಳಗಿನ ಅರ್ಧ ಕಳಚಿ ಯಾರ ತಲೆಯ ಮೇಲಾದರೂ ಬಿದ್ದೀತು. ನೆಲದ ಕಲ್ಲು ಕೊಯ್ಯುವವರಿಗೆ ಈ ಚಿಂತೆಯಿಲ್ಲ. ನಾವು ನಾಲ್ಕು ಕಲ್ಲು ಒಡೆದು ಎಳೆ ನೋಡಿ, ಅದಕ್ಕೆ ತಕ್ಕಂತೆ ಕೊಯ್ದು ಕೊಡಲು ಹೇಳಿದೆವು. ನೀರು ಬಿಟ್ಟುಕೊಂಡೇ ಕೊಯ್ಯಬೇಕೆಂಬುದನ್ನೂ ಹೇಳಿದೆ. ಮಧ್ಯಪ್ರದೇಶದ ಮಂದಸೌರದಲ್ಲಿ ಬಳಪ ಕೊಯ್ಯುತ್ತಿದ್ದವರ ಎದೆಗೆ ಆ ಧೂಳು ಸಿಲಿಕೋಸಿಸ್ ಆಗಿ ಕೂತದ್ದು ದೇಶಕ್ಕೇ ಗೊತ್ತಿರುವ ಕಥೆ.

ಮೂರು ಗಣಿಯ ಮಾದರಿ ತರಿಸಿದ್ದೆವು. ಮೊದಲು ಬೆರಳ ಗೆಣ್ಣಿನಿಂದ ಬಡಿದು ನೋಡುವುದು. ಒಳ್ಳೆಯ ಕಲ್ಲು ಕಂಚಿನ ತಟ್ಟೆಯಂತೆ ಠಣ್ ಎನ್ನುತ್ತದೆ, ಒಳಗೆ ಸೀಳಿದ್ದು ಹಸಿ ಹಲಗೆಯ ಹಾಗೆ ಥಪ್. ಮಾಮಾನಿಗೆ ಇದು ಎಷ್ಟು ರುಚಿಸಿತೆಂದರೆ ಆಮೇಲೆ ಲಾರಿಯಿಂದ ಇಳಿದ ಪ್ರತಿ ಕಲ್ಲನ್ನೂ ಅವರೇ ಬಡಿದು ಬೇರೆ ಮಾಡಿದರು. ಆಮೇಲೆ ನೀರು ಕುಡಿಯುವ ಪರೀಕ್ಷೆ. ಗಂಗಾವತಿಯ ಒಂದು ಬೇಕರಿಯಲ್ಲಿ ಬ್ರೆಡ್ಡು ತೆಗೆದ ಮೇಲಿನ ಒಲೆಯಲ್ಲಿ ಕಲ್ಲುಗಳನ್ನು ರಾತ್ರಿಯಿಡೀ ಒಣಗಿಸಿ ತೂಗಿದೆ, ಎರಡು ದಿನ ನೀರಿನಲ್ಲಿ ಮುಳುಗಿಸಿ ಒರೆಸಿ ಮತ್ತೆ ತೂಗಿದೆ. ಮೊದಲನೆಯದು 3,460 ಗ್ರಾಂ ಇದ್ದದ್ದು 3,471 ಆಯಿತು, ನೂರಕ್ಕೆ 0.32. ಎರಡನೆಯದು 3,610ರಿಂದ 3,655ಕ್ಕೆ ಏರಿತು, ನೂರಕ್ಕೆ 1.25. ಅಮೆರಿಕದ ಮಾನಕದಲ್ಲಿ ಮೊದಲ ದರ್ಜೆಗೆ 0.25, ಎರಡನೆಯದಕ್ಕೆ 0.36, ಮೂರನೆಯದಕ್ಕೆ 0.45 ಮಿತಿ, ಯುರೋಪಿನವರು 0.6ರ ಗೆರೆ ಹಾಕುತ್ತಾರೆ. ನಮ್ಮಲ್ಲೂ ಸೂರಿನ ಸ್ಲೇಟಿಗೆಂದೇ ಐಎಸ್ 6250 ಎಂಬ ಮಾನಕ ಇದೆ, ಆದರೆ ಅದರ ಹೆಸರು ಕೇಳಿದ ಅಂಗಡಿ ನನಗೆ ಒಂದೂ ಸಿಗಲಿಲ್ಲ.

ಮೂರನೆಯ ಮಾದರಿ ನೀರು ಕುಡಿಯುವುದರಲ್ಲಿ ಮೊದಲನೆಯದಕ್ಕಿಂತ ಚೂರು ವಾಸಿಯಾಗಿತ್ತು. ನೋಡಲೂ ಚೆಂದ, ಬಿಸಿಲಿಗೆ ಹಿಡಿದರೆ ಚಿನ್ನದ ಪುಡಿ ಉದುರಿಸಿದಂತೆ ಮಿಣುಕು. ಆ ಮಿಣುಕೇ ನನಗೆ ಭಯ. ಚಳಿದೇಶದವರಿಗೆ ಹಿಮದ ಚಿಂತೆ. ನಮಗೆ ಮೇ ತಿಂಗಳಲ್ಲಿ ಕಾದ ಕಲ್ಲಿನ ಮೇಲೆ ಒಮ್ಮೆಗೇ ಸುರಿಯುವ ಮಳೆಯ ಚಿಂತೆ. ಯುರೋಪಿನ ಪರೀಕ್ಷೆಯಲ್ಲಿ 110 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿಗೆ ಅದ್ದುವುದನ್ನು 20 ಸಲ ಮಾಡುತ್ತಾರೆ. ಬೇಕರಿಯವರ ತಾಳ್ಮೆ ಆರು ಸಲಕ್ಕೆ ಮುಗಿಯಿತು, ಅಷ್ಟೇ ಸಾಕಾಯಿತು. ಚಿನ್ನದ ಕಣ ಇದ್ದಲ್ಲೆಲ್ಲ ಕಣ್ಣೀರಿಳಿದ ಹಾಗೆ ಕೆಂಪು ಗೆರೆ. ಅದು ಗಂಧಕ ಬೆರೆತ ಕಬ್ಬಿಣದದಿರು. ತುಕ್ಕು ಹಿಡಿಯುತ್ತ ಕಲ್ಲಿನಲ್ಲಿ ತೂತು ಬಿಟ್ಟು ಹೋಗುತ್ತದೆ. ಮೊದಲನೆಯ ಮಾದರಿ ಮೈ ಮಾಸಲಿಲ್ಲ. ಅದನ್ನೇ ಹಿಡಿದೆವು.

ಹೊದಿಸಿದ್ದು, ಸೋರಿದ್ದು

600 ಮಿ.ಮೀ. ಉದ್ದ, 120 ಮಡಿಕೆ. ಉಳಿದ 480ರ ಅರ್ಧ 240. ಅದೇ ರೀಪಿನಿಂದ ರೀಪಿಗೆ ಅಂತರ. ಸೂರಿನ ಚಾಚು ಸೇರಿ ಹತ್ತೊಂಬತ್ತೂವರೆ ಚದರ ಮೀಟರಿಗೆ 271 ಕಲ್ಲು ಬೇಕಾಗಿತ್ತು, 310 ತರಿಸಿದೆವು. ಹಳೆಯ ಸಾಗವಾನಿ ತೊಲೆ ಸೀಳಿಸಿ ರೀಪು ಮಾಡಿಸಿದ್ದು. ಕಲ್ಲನ್ನು ದಪ್ಪ, ನಡುವಿನದು, ತೆಳ್ಳಗಿನದು ಎಂದು ಮೂರು ಗುಡ್ಡೆ ಮಾಡಿ, ದಪ್ಪದ್ದನ್ನು ಕೆಳಗಿನ ಸಾಲಿಗೆ, ತೆಳ್ಳಗಿನದನ್ನು ಮೇಲಕ್ಕೆ ಹಾಕಿದೆವು. ತೂತನ್ನು ಹಿಂಬದಿಯಿಂದ ಹೊಡೆದರೆ ಮುಂಬದಿಯಲ್ಲಿ ಚಕ್ಕೆ ಎದ್ದು ಮೊಳೆಯ ತಲೆಗೆ ತಾನೇ ಕುಳಿಯಾಗುತ್ತದೆ. ಮೊಳೆ ತಾಮ್ರದ್ದು. ಸಾದಾ ಮೊಳೆ ತುಕ್ಕು ಹಿಡಿದು ಕಲ್ಲಿಗಿಂತ ಬಹಳ ಮೊದಲೇ ಸಾಯುತ್ತದೆ. ನಮ್ಮ ಗೌಂಡಿಗೆ ಕಲಿಸಲು ಕಷ್ಟವಾದದ್ದು ಒಂದೇ, ಮೊಳೆಯನ್ನು ಪೂರ್ತಿ ಬಿಗಿಯದಿರುವುದು. ಕಲ್ಲು ಮೊಳೆಗೆ ಅಂಗಿ ಗೂಟಕ್ಕೆ ತೂಗಿದ ಹಾಗೆ ತೂಗಬೇಕು. ಮೊದಲ ದಿನ ಹನ್ನೊಂದು ಕಲ್ಲು ಚಟ್ ಅಂದವು, ಎರಡನೆಯ ದಿನ ಎರಡು, ಆಮೇಲೆ ಇಲ್ಲ.

ಖರ್ಚಿನಲ್ಲಿ ಕಲ್ಲಿನ ಪಾಲು ಮೂರರಲ್ಲಿ ಒಂದಕ್ಕಿಂತ ಕಡಿಮೆ. ಕಂಬ, ಕಾಂಕ್ರೀಟು, ಸಾಗವಾನಿ, ಬಾಡಿಗೆ, ತಾಮ್ರದ ಮೊಳೆ ಉಳಿದದ್ದನ್ನೆಲ್ಲ ನುಂಗಿದವು.

ಮೃಗಶಿರಾ ಮಳೆಯಲ್ಲಿ ಏನೂ ಆಗಲಿಲ್ಲ. ಉತ್ತರೆಯಲ್ಲಿ ಮೂಡಣ ಗಾಳಿ ಎದ್ದ ರಾತ್ರಿ ಹನ್ನೊಂದಕ್ಕೆ ಫೋನು: “ಸೋರಾಕತ್ತೈತಿ.” ದನಿಯಲ್ಲಿ ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಇಳಿಜಾರಿನ ನಡುವೆ ಎಲ್ಲೂ ಹನಿಯಿಲ್ಲ. ಉತ್ತರದ ತುದಿಯಲ್ಲಿ, ಸ್ಲೇಟು ದನದ ಕೊಟ್ಟಿಗೆಯ ಗೋಡೆಗೆ ತಾಗುವಲ್ಲಿ, ಗೋಡೆ ಎರಡಡಿ ಉದ್ದಕ್ಕೆ ಒದ್ದೆ. ತಪ್ಪು ನನ್ನದೇ. ಆ ಮೂಲೆಗೆ ಕೆಲಸದ ಕೊನೆಯ ದಿನ ಸಿಮೆಂಟಿನ ಕೊರಳು ಕಟ್ಟಿ ಬಿಟ್ಟಿದ್ದೆ, ಮೂರು ತಿಂಗಳ ಬಿಸಿಲಿಗೆ ಕಲ್ಲು ಒಂದು ಕಡೆ ಗೋಡೆ ಒಂದು ಕಡೆ ಎಳೆದು ಅದು ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ತಗ್ಗಿನ ಇಳಿಜಾರಿನಲ್ಲಿ ನೀರು ಅಡ್ಡಕ್ಕೆ ಹರಡುತ್ತದೆಂದು ಊರಿಗೆಲ್ಲ ನೀಲಿ ಹಚ್ಚಿ ತೋರಿಸಿದವನು, ಹರಡಿದ ನೀರು ಗೋಡೆಗೇ ಹೋಗಿ ನಿಲ್ಲುತ್ತದೆ ಎಂಬುದನ್ನು ಮರೆತಿದ್ದೆ. ತಡೆಯುವ ಸೂರಿನ ಗಾರೆಯನ್ನು ಜಾರಿಸುವ ಸೂರಿನ ಮೂಲೆಗೆ ಮೆತ್ತಿದ್ದೆ.

ಆ ಅಂಚಿನ ಕಲ್ಲುಗಳನ್ನು ಬಿಚ್ಚಿ, ಪ್ರತಿ ಸಾಲಿಗೂ ಒಂದೊಂದು ಎಲ್ ಆಕಾರದ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಕಲ್ಲಿನ ಕೆಳಗೆ ಅರ್ಧ, ಗೋಡೆಗೆ ಅರ್ಧ ಬರುವಂತೆ ಸೇರಿಸಿದೆ. ಗೋಡೆಯಲ್ಲಿ ಉದ್ದಕ್ಕೆ ಸಂದು ಕೊರೆದು ಮೇಲಿಂದ ಇನ್ನೊಂದು ಪಟ್ಟಿ ಇಳಿಬಿಟ್ಟೆ. ಅಲ್ಯೂಮಿನಿಯಂ ಸೋವಿ ಸಿಗುತ್ತಿತ್ತು, ಆದರೆ ತಾಮ್ರದ ಮೊಳೆಯ ಸಹವಾಸದಲ್ಲಿ ಅದು ಬೇಗ ತೂತಾಗುತ್ತದೆ. ಅದಾದ ಮೇಲೆ ಎರಡು ಹಿಂಗಾರಿ ಕಳೆದಿವೆ.

ಮಂಗಗಳು ಮಾತ್ರ ಯಾವ ಕೋಷ್ಟಕದಲ್ಲೂ ಇಲ್ಲ. ಗುಡ್ಡದ ಹಿಂಡು ಬೇವಿನ ಮರದಿಂದ ಜಿಗಿದು ಇಲ್ಲಿಯವರೆಗೆ ಮೂರು ಕಲ್ಲು ಒಡೆದಿದೆ. ಮೂರೂ ಉದ್ದಕ್ಕೇ ಸೀಳಿದ್ದವು. ನಡುವಿನ ಕಲ್ಲು ಬದಲಿಸಲು ಮೊಳೆ ಹೊಡೆಯಲು ಜಾಗ ಇರುವುದಿಲ್ಲ. ಕೆಳಗಿನ ಎರಡು ಕಲ್ಲಿನ ಸಂದಿಯಲ್ಲಿ ರೀಪಿಗೆ ಒಂದು ತಾಮ್ರದ ಪಟ್ಟಿ ಬಡಿದು, ಹೊಸ ಕಲ್ಲು ತೂರಿಸಿ, ಪಟ್ಟಿಯ ತುದಿಯನ್ನು ಕಲ್ಲಿನ ಕೆಳಗಿನ ಅಂಚಿಗೆ ಮೇಲೆತ್ತಿ ಮಡಚಬೇಕು. ಮಾಮಾ ಈಗ ಇದನ್ನು ಏಣಿ ಹಾಕಿ ತಾವೇ ಮಾಡುತ್ತಾರೆ. ಅತ್ತಿ ಕೆಳಗೆ ಏಣಿ ಹಿಡಿದು ಬೈಯುತ್ತಾರೆ.

ಅತ್ತಿಗಂತೂ ಸ್ಲೇಟಿನ ಮೇಲೆ ದೊಡ್ಡ ಅಭಿಮಾನವೇನಿಲ್ಲ. ತಗಡಿನ ಮೇಲೆ ಸಂಡಿಗೆ, ಮೆಣಸಿನಕಾಯಿ ಒಣ ಹಾಕುತ್ತಿದ್ದರು, ಅದು ತಪ್ಪಿತೆಂದು ಮೊದಲ ಬೇಸಿಗೆಯಿಡೀ ಮಾತು ಕೇಳಿದ್ದೆ. ಆಮೇಲೆ ಒಂದು ದಿನ ನೋಡುತ್ತೇನೆ, ರಸ್ತೆಗೆ ಕಾಣದ ಆ ಆರಡಿ ಸಪಾಟಿನ ತುಂಬ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಾರೆ. ಮೂಲೆಯ ಪೈಪಿನ ಬಾಯಿಗೆ ಮಾತ್ರ ಸೀರೆ ಬರಬಾರದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಂದಿದ್ದೇನೆ.